ದೊಡ್ಡಕ್ಕನ ಏಳು ಕಿಲೋ

ಕನಿಷ್ಠ ಕೂಲಿ ಏರಿಸಿದ ಆದೇಶ ಬಂದಿದೆ ಎಂದು ಬಿ.ಸಿ. ರೋಡಿನ ಆಡಿಟರು ಫೋನಿನಲ್ಲಿ ಹೇಳಿದಾಗ ನಾನು ಬಂಗುಡೆ ಮೀನು ಶುಚಿ ಮಾಡುತ್ತಿದ್ದೆ. ಎಷ್ಟು ಏರಿದೆ ಎಂದು ಕೇಳಿದೆ. ಹೇಳಿದರು. ಇನ್ನೊಮ್ಮೆ ಹೇಳಿ ಎಂದೆ. ಎರಡನೆಯ ಸಲವೂ ಅಷ್ಟನ್ನೇ ಹೇಳಿದರು. ನನಗೆ ಸಿಟ್ಟು ಬಂದರೆ ಎದುರಿಗೆ ಯಾರಿದ್ದಾರೆ ಎಂದು ನೋಡುವ ಅಭ್ಯಾಸವಿಲ್ಲ. ಆ ಆದೇಶವನ್ನು ಅವರೇ ಕೂತು ಬರೆದಿದ್ದಾರೋ ಎಂಬಂತೆ ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಪಾಪ, ಪೂರ್ತಿ ಕೇಳಿಸಿಕೊಂಡು, ಮುಂದಿನ ತಿಂಗಳಿಂದ ಕೊಡಲೇಬೇಕಾಗುತ್ತದೆ ಅಕ್ಕ ಎಂದು ಮೆಲ್ಲಗೆ ಫೋನಿಟ್ಟರು.

ನಮ್ಮದು ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಗೇರುಬೀಜದ ಕಾರ್ಖಾನೆ. ಗಂಡ ಮಸ್ಕತ್ತಿನಲ್ಲಿ ದುಡಿದ ಹಣದಿಂದ ಕಟ್ಟಿಸಿದ್ದು, ನಡೆಸುವವಳು ನಾನು. ಅವರು ಈಗಲೂ ಅಲ್ಲೇ ಇದ್ದಾರೆ, ಅಲ್ಲಿಂದಲೇ ಸಲಹೆ ಕೊಡುತ್ತಾರೆ. ಸಲಹೆಗೆ ಖರ್ಚಿಲ್ಲವಲ್ಲ. ಇಪ್ಪತ್ತೆರಡು ಹೆಂಗಸರು ಎರಡು ಸಾಲಿನಲ್ಲಿ ಕೂತು ಸಣ್ಣ ಚೂರಿಯಿಂದ ಬೀಜದ ಕೆಂಪು ಸಿಪ್ಪೆ ತೆಗೆಯುತ್ತಾರೆ. ಬೀಜ ಇಡಿಯಾಗಿ ಉಳಿದರೆ ಒಳ್ಳೆಯ ಬೆಲೆ, ತುಂಡಾದರೆ ಅದನ್ನು ಕೇಳುವವರಿಲ್ಲ. ಬೆಳಗ್ಗಿನಿಂದ ಸಂಜೆಯ ತನಕ ಅಲ್ಲಿ ತುಳುವಿನಲ್ಲಿ ನಡೆಯುವ ಮಾತುಕತೆ ಕೇಳಿದರೆ ನಿಮಗೆ ಊರಿನ ಯಾವ ಸುದ್ದಿಗೂ ಪೇಪರು ಬೇಡ. ಯಾರ ಮನೆಯ ಕೋಳಿ ಎಷ್ಟು ಮೊಟ್ಟೆ ಇಟ್ಟಿತು ಎಂಬುದೂ ನನಗೆ ಗೊತ್ತಿರುತ್ತಿತ್ತು. ಬೇಡ ಎಂದರೂ ಕಿವಿಗೆ ಬೀಳುತ್ತಿತ್ತು.

ಮೊದಲೆಲ್ಲ ಸುಲಿದಷ್ಟಕ್ಕೆ ಕೂಲಿ. ಚುರುಕಿನವರಿಗೆ ಹೆಚ್ಚು, ನಿಧಾನದವರಿಗೆ ಕಡಿಮೆ. ಹೊಸ ಆದೇಶದ ಪ್ರಕಾರ ದಿನವಿಡೀ ಕೂತು ಕೆಲಸ ಮಾಡಿದವರಿಗೆ, ಎಷ್ಟೇ ಸುಲಿಯಲಿ, ಒಂದು ದಿನದ ಪೂರ್ತಿ ಸಂಬಳ ಕೊಡಬೇಕು. ನನಗೆ ಬೀಜ ಮಾರುವವನು ಬೆಲೆ ಇಳಿಸಲಿಲ್ಲ, ನನ್ನಿಂದ ಕೊಳ್ಳುವವನು ಬೆಲೆ ಏರಿಸಲಿಲ್ಲ. ನಡುವೆ ಸಿಕ್ಕಿಬಿದ್ದವಳು ನಾನೊಬ್ಬಳು ಎಂದು ಅಂದುಕೊಂಡಿದ್ದೆ.

ಆದರೂ ಆ ಮೊದಲ ತಿಂಗಳಿನ ಸಂಬಳದ ದಿನ ನೆನೆದರೆ ಈಗಲೂ ನಗು ಬರುತ್ತದೆ. ಹೆಂಗಸರೆಲ್ಲ ಸೇರಿ ಮೆಲ್ಕಾರಿನ ಒಂದು ಅಂಗಡಿಯಿಂದ ಐಸ್‌ಕ್ರೀಮ್ ತರಿಸಿದ್ದರು. ಸಂಬಳ ಕೊಟ್ಟವಳು ನಾನು, ಉಪಚಾರ ಮಾಡಿಸಿಕೊಂಡವಳೂ ನಾನು. ಒಬ್ಬಳು ಅಡವಿಟ್ಟ ಕರಿಮಣಿ ಬಿಡಿಸಿಕೊಂಡು ಕುತ್ತಿಗೆ ಎತ್ತಿ ಎತ್ತಿ ಮಾತಾಡುತ್ತಿದ್ದಳು. ಇನ್ನೊಬ್ಬಳು ಮಗಳ ಟ್ಯೂಷನ್ನಿಗೆ ಕಟ್ಟಿದ್ದಳು. ಮಧ್ಯಾಹ್ನದ ಬುತ್ತಿಯಲ್ಲಿ ಮೀನು ಕಾಣಿಸತೊಡಗಿತು. ಹೊಟ್ಟೆಯಲ್ಲಿ ಉರಿ ಇದ್ದರೂ ಐಸ್‌ಕ್ರೀಮ್ ಚೆನ್ನಾಗಿತ್ತು, ಎರಡು ತಿಂದೆ.

ಉರಿ ಮಾತ್ರ ಆರಲಿಲ್ಲ. ಗಂಡನ ಸಲಹೆ ಕೇಳಿದೆ, ಅದು ನನ್ನ ಮೊದಲ ತಪ್ಪು. ಅವರು ಹೇಳಿದಂತೆ ಒಂದು ನಿಯಮ ಮಾಡಿದೆ. ದಿನಕ್ಕೆ ಏಳು ಕಿಲೋ ಸುಲಿಯಬೇಕು. ಒಂದು ತಿಂಗಳು ನೋಡುತ್ತೇನೆ, ಆಗದವರು ಬೇರೆ ಕೆಲಸ ನೋಡಿಕೊಳ್ಳಬಹುದು. ಹೇಳುವಾಗ ನಾನು ಯಾರ ಮುಖವನ್ನೂ ನೋಡಲಿಲ್ಲ. ಯಾಕೆಂದರೆ ಏಳು ಕಿಲೋ ಆಗದವರು ಅಲ್ಲಿ ಇದ್ದದ್ದು ಒಬ್ಬರೇ, ಎಲ್ಲರಿಗೂ ಗೊತ್ತಿತ್ತು.

ಅವರನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತಿದ್ದೆವು. ನರಿಕೊಂಬಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಾರ್ಖಾನೆ ತೆರೆದ ವರ್ಷ ನನಗೆ ಬೀಜದ ತಲೆ ಯಾವುದು, ಬುಡ ಯಾವುದು ಎಂದೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಚೂರಿ ಹಿಡಿಯಲು ಕಲಿಸಿದವರು ಅವರು. ಕೆಲಸದವರೆಲ್ಲ ನನ್ನನ್ನು ಅಕ್ಕ ಎಂದರೆ ಅವರೊಬ್ಬರು ಮಾತ್ರ ಮಗಾ ಎನ್ನುತ್ತಿದ್ದರು. ಈಗ ಕಣ್ಣಿಗೆ ಪೊರೆ ಬಂದು ಕೈ ನಿಧಾನವಾಗಿತ್ತು. ಐದು ಕಿಲೋ ಆದರೆ ಹೆಚ್ಚು. ಆದರೆ ಅವರು ಸುಲಿದ ಬೀಜದಲ್ಲಿ ಒಂದೇ ಒಂದು ತುಂಡು ಇರುತ್ತಿರಲಿಲ್ಲ. ಅವರ ಪಿಎಫ್‌ಗೆ ಹತ್ತು ವರ್ಷ ತುಂಬಲು ಇನ್ನು ಐದು ತಿಂಗಳು ಬಾಕಿ. ತುಂಬಿದರೆ ಪಿಂಚಣಿ. ಮೊತ್ತ ದೊಡ್ಡದೇನಲ್ಲ. ಆದರೆ ಸಾಯುವ ತನಕ ಯಾರ ಹತ್ತಿರವೂ ಕೈ ಚಾಚದೆ, ತಿಂಗಳು ತಿಂಗಳು ತನ್ನ ಹೆಸರಿಗೆ ಬರುವ ಹಣ. ಇದನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೋ, ಲೆಕ್ಕವಿಲ್ಲ. ನಿಯಮ ಹೇಳಿದ ದಿನ ಮಾತ್ರ ತಲೆ ತಗ್ಗಿಸಿ ಸುಲಿಯುತ್ತಲೇ ಇದ್ದರು.

ಮೊದಲ ವಾರ ಐದು ಕಿಲೋ, ಐದೂಕಾಲು. ಸಂಜೆ ಅವರ ಟ್ರೇಯನ್ನು ನಾನು ಎರಡೆರಡು ಸಲ ತೂಗಿ ನೋಡುತ್ತಿದ್ದೆ. ಎರಡನೆಯ ವಾರ ಆರೂವರೆ ಬಂತು. ಆಮೇಲೆ ಏಳು. ಮತ್ತೆ ಮರುದಿನ ಏಳು! ನನಗಾದ ಸಂತೋಷ ಕೇಳಬೇಡಿ. ಅಂದೇ ಮಸ್ಕತ್ತಿಗೆ ವಾಟ್ಸಾಪ್ ವಿಡಿಯೋ ಕರೆ ಮಾಡಿ, ನೋಡಿ, ಸಂಬಳ ಹೆಚ್ಚು ಕೊಟ್ಟರೆ ಮುದಿ ಕೈಗೂ ಚುರುಕು ಬರುತ್ತದೆ ಎಂದು ದೊಡ್ಡ ಅರ್ಥಶಾಸ್ತ್ರಜ್ಞೆಯ ಹಾಗೆ ಭಾಷಣ ಬಿಗಿದೆ. ಅವರೂ ತಲೆಯಾಡಿಸಿದರು. ನಾವಿಬ್ಬರೂ ಎಂಥ ಬುದ್ಧಿವಂತರು ಎಂಬುದು ಅಲ್ಲಿಗೆ ತಿಳಿಯುತ್ತದೆ.

ಮೂರನೆಯ ವಾರ ಒಂದು ಸಂಜೆ ದೊಡ್ಡಕ್ಕನ ಟ್ರೇಗೆ ಕೈ ಹಾಕಿ ನೋಡಿದೆ. ತುಂಡು. ಒಂದಲ್ಲ, ಎರಡಲ್ಲ, ಒಂದು ಹಿಡಿ ತುಂಡು ಬೀಜ. ದೊಡ್ಡಕ್ಕ ಬೀಜ ಮುರಿಯುವುದೆಂದರೆ ನಂಬುವ ಮಾತೇ? ಮರುದಿನ ಹತ್ತು ಗಂಟೆಯ ಚಹಾದ ಹೊತ್ತಿಗೆ ಗೋಣಿಚೀಲಗಳ ಹಿಂದೆ ನಿಂತು ನೋಡಿದೆ. ದೊಡ್ಡಕ್ಕ ಲೋಟ ತೊಳೆಯಲು ನಳ್ಳಿಯ ಹತ್ತಿರ ಹೋದದ್ದೇ ತಡ, ಅತ್ತ ಹೋಗುವವಳು ಒಂದು ಹಿಡಿ, ಇತ್ತ ಬರುವವಳು ಒಂದು ಹಿಡಿ, ತಮ್ಮ ಬೀಜವನ್ನು ಅವರ ಟ್ರೇಗೆ ಹಾಕಿ ಏನೂ ಗೊತ್ತಿಲ್ಲದವರ ಹಾಗೆ ಹೋಗಿ ಕೂರುತ್ತಿದ್ದರು. ನಡುವೆ ಊರಿನ ಸುದ್ದಿ ನಿಲ್ಲಲೇ ಇಲ್ಲ.

ಮೈಯೆಲ್ಲ ಉರಿದುಹೋಯಿತು. ಬೀಜ ಹೋದದ್ದಕ್ಕಲ್ಲ, ಬೀಜ ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದರಲ್ಲ ಎಂದು. ದೊಡ್ಡಕ್ಕ ಇನ್ನೂ ಹೊರಗಿರುವಾಗಲೇ ಅವರ ನಡುವೆ ಹೋಗಿ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ನನ್ನ ಅನ್ನ ತಿಂದು ನನಗೇ ಮೋಸವಾ ಎಂದೂ ಕೇಳಿದೆ, ಅದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಅವರು ತಿನ್ನುತ್ತಿದ್ದದ್ದು ಅವರ ಅನ್ನ. ಕರಿಮಣಿ ಬಿಡಿಸಿಕೊಂಡವಳು ಎಲ್ಲರಿಗಿಂತ ಚುರುಕು ಕೈಯವಳು. ಅವಳು ಚೂರಿ ಕೆಳಗಿಟ್ಟು ತಗ್ಗಿದ ದನಿಯಲ್ಲಿ ಹೇಳಿದಳು:

"ಅಕ್ಕ, ಸಂಬಳ ಹೆಚ್ಚಾದದ್ದು ನಮಗೆಲ್ಲರಿಗೂ. ಅದರ ಪೆಟ್ಟು ಮಾತ್ರ ದೊಡ್ಡಕ್ಕ ಒಬ್ಬರೇ ತಿನ್ನುವುದು ಯಾಕೆ? ನಮ್ಮದರಲ್ಲಿ ಒಂದೊಂದು ಹಿಡಿ ಕೊಟ್ಟರೆ ನಮಗೆ ಏನೂ ಕಡಿಮೆ ಆಗುವುದಿಲ್ಲ."

ವಾದದಲ್ಲಿ ಸೋತಾಗ ನಾನು ಮಾಡುವುದು ಒಂದೇ, ಮುಖ ಊದಿಸಿಕೊಂಡು ಆಫೀಸು ಕೋಣೆಗೆ ಹೋಗಿ ಕೂತೆ. ಅಲ್ಲಿ ಕೂತಾಗ ಹಿಂದಿನ ದಿನ ಬೀಜ ಕೊಳ್ಳುವವನು ಮಾಡಿದ ದೂರು ನೆನಪಾಯಿತು. ಈ ತಿಂಗಳು ನಿಮ್ಮ ಮಾಲಿನಲ್ಲಿ ತುಂಡು ಜಾಸ್ತಿ ಎಂದಿದ್ದ. ಆಗದೆ ಇರುತ್ತದೆಯೇ? ತಮ್ಮ ಏಳು ಕಿಲೋದ ಮೇಲೆ ದೊಡ್ಡಕ್ಕನ ಪಾಲಿನದ್ದನ್ನೂ ಅವಸರದಲ್ಲಿ ಸುಲಿಯುತ್ತಿದ್ದರು. ಉಳಿಸಲು ಹೋಗಿ ನಾನು ಕಳೆದುಕೊಂಡದ್ದೇ ಹೆಚ್ಚು. ಮರುದಿನವೇ ಏಳು ಕಿಲೋದ ನಿಯಮ ತೆಗೆದುಹಾಕಿದೆ. ಒಬ್ಬೊಬ್ಬರ ಟ್ರೇ ತೂಗುವುದನ್ನು ನಿಲ್ಲಿಸಿ ಇಡೀ ಸಾಲಿನ ಬೀಜವನ್ನು ಒಟ್ಟಿಗೆ ತೂಗಿಸಿದೆ. ಯಾರೂ ಗೆದ್ದೆವು ಎಂಬಂತೆ ನಡೆದುಕೊಳ್ಳಲಿಲ್ಲ. ಚಹಾಕ್ಕೆ ನನ್ನನ್ನು ಮೊದಲಿನ ಹಾಗೆಯೇ ಕರೆದರು. ದೊಡ್ಡಕ್ಕನಿಗೆ ಈ ರಾಮಾಯಣ ಏನೂ ಗೊತ್ತಿಲ್ಲ, ಕಣ್ಣು ಕಾಣದ ಪಾಪದವರು ಎಂದೇ ನಾನು ತಿಳಿದಿದ್ದೆ.

ಹಾಗೆಂದು ಸಂಬಳದ ಹಣ ಆಕಾಶದಿಂದ ಬೀಳಲಿಲ್ಲ. ಒಬ್ಬಳು ಮದುವೆಯಾಗಿ ಹೋದಳು, ಇನ್ನೊಬ್ಬಳು ಮಗನ ಜೊತೆ ಮಂಗಳೂರಿಗೆ ಹೋದಳು. ಆ ಎರಡು ಜಾಗಕ್ಕೆ ನಾನು ಯಾರನ್ನೂ ತೆಗೆದುಕೊಳ್ಳಲಿಲ್ಲ. ಸಿಪ್ಪೆ ತೆಗೆಯುವ ಒಂದು ಹಳೆಯ ಯಂತ್ರ ತಂದು ಹಾಕಿದೆ. ಒಳಗೆ ಇದ್ದವರನ್ನು ಕಳಿಸಬಾರದು, ಹೊರಗಿನಿಂದ ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನಬೇಕು, ಅಷ್ಟೇ ನನಗೆ ಕಂಡ ದಾರಿ. ಕೆಲಸ ಕೇಳಿಕೊಂಡು ಗೇಟಿನ ತನಕ ಬಂದು ಹಿಂತಿರುಗಿದವರು ನಮ್ಮ ಐಸ್‌ಕ್ರೀಮ್ ತಿಂದವರಲ್ಲ. ಅವರ ಮುಖ ನನಗೆ ನೆನಪೂ ಇಲ್ಲ.

ಐದು ತಿಂಗಳು ಕಳೆದವು. ದೊಡ್ಡಕ್ಕನಿಗೆ ಹತ್ತು ವರ್ಷ ತುಂಬಿತು. ಪಿಎಫ್ ಕಾಗದಗಳಿಗೆಲ್ಲ ಸಹಿ ಹಾಕಿಸಿ, ಹೆಂಗಸರೆಲ್ಲ ಸೇರಿ ಒಂದು ಸೀರೆ ಕೊಟ್ಟು ಕೆಲಸದಿಂದ ಬೀಳ್ಕೊಟ್ಟೆವು. ಮಾರನೆಯ ದಿನ ಬೆಳಿಗ್ಗೆ ಅವರು ಮತ್ತೆ ಬಂದರು, ಜೊತೆಗೆ ಸೊಸೆ. ಮುಂಡಾಜೆ ಕಡೆಯ ಹುಡುಗಿ, ಎರಡು ಮಕ್ಕಳ ತಾಯಿ, ಬಂದವಳು ಬಾಗಿಲ ಹತ್ತಿರವೇ ನಿಂತಳು. ದೊಡ್ಡಕ್ಕ ಸುತ್ತುಬಳಸಿ ಮಾತಾಡುವವರಲ್ಲ.

"ನನ್ನ ಜಾಗಕ್ಕೆ ಇವಳನ್ನು ಕೂರಿಸು ಮಗಾ. ಕೈ ಸ್ವಲ್ಪ ನಿಧಾನ. ನನ್ನ ಟ್ರೇಗೆ ಅಷ್ಟು ದಿನ ಸುರಿದರಲ್ಲ, ಇವಳಿಗೂ ನಾಲ್ಕು ದಿನ ಸುರಿದರೆ ಕಲೀತಾಳೆ."

ಹೆಂಗಸರ ಕೈ ಅಲ್ಲಲ್ಲೇ ನಿಂತಿತು. ನಾನೂ ಆ ಹೆಂಗಸರೂ ಮುಖ ಮುಖ ನೋಡಿಕೊಂಡೆವು. ತಾನು ಸುಲಿದ ಬೀಜ ಯಾವುದು, ಬೇರೆಯವರು ಸುಲಿದದ್ದು ಯಾವುದು ಎಂದು ತಿಳಿಯಲು ದೊಡ್ಡಕ್ಕನಿಗೆ ಕಣ್ಣು ಬೇಕಿರಲಿಲ್ಲ. ಇಷ್ಟು ತಿಂಗಳು ಸುಮ್ಮನಿದ್ದದ್ದು ನಮ್ಮ ಮರ್ಯಾದೆ ಉಳಿಸಲು.

ಇದ್ದದ್ದನ್ನು ಹೇಳಲೇಬೇಕಾಯಿತು. ಜಾಗ ಇಲ್ಲ ದೊಡ್ಡಕ್ಕ, ನೀವು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ನಿಶ್ಚಯಿಸಿದ್ದೇನೆ, ಈ ಸಂಬಳದಲ್ಲಿ ಇನ್ನೊಬ್ಬರನ್ನು ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ ಎಂದೆ. ಅವರು ಹೂಂ ಎಂದರು, ಸಿಟ್ಟಾಗಲಿಲ್ಲ. ಆಗ ಬಾಗಿಲ ಹತ್ತಿರದಿಂದ ಸೊಸೆ ಬಾಯಿ ತೆರೆದಳು.

"ಹೊಸ ಸಂಬಳ ಬೇಡ ಅಕ್ಕ. ಮೊದಲು ಕೊಡ್ತಿದ್ದದ್ದು ಕೊಟ್ಟರೂ ಸಾಕು. ನಾನು ಯಾರಿಗೂ ಹೇಳುವುದಿಲ್ಲ."

ದೊಡ್ಡಕ್ಕ ಒಮ್ಮೆ ನನ್ನ ಮುಖ ನೋಡಿ, ಸೊಸೆಯ ಕಡೆ ತಿರುಗಿದರು. ಅಷ್ಟು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ.

"ಕಡಿಮೆಗೆ ಕೂರಬೇಡ. ಇವತ್ತು ನೀನು ಕಡಿಮೆಗೆ ಕೂತರೆ ನಾಳೆ ಇವರಿಗೆಲ್ಲ ಅಷ್ಟೇ ಸಿಗುವುದು. ನನಗೆ ಸುರಿದ ಕೈ ಇವು. ನಡಿ ಮನೆಗೆ."

ಸೊಸೆಯ ಕೈ ಹಿಡಿದು ಮೆಟ್ಟಿಲು ಇಳಿದರು. ಪೊರೆ ಬಂದ ಕಣ್ಣು, ಮೆಟ್ಟಿಲು ತೋರಿಸಿದವಳು ಸೊಸೆ. ನಾನು ಬಸ್ಸಿನ ತನಕ ಹೋಗಬೇಕಿತ್ತು, ಹೋಗಲಿಲ್ಲ. ಹೆಂಗಸರು ಸುಲಿಯಲು ತೊಡಗಿದರು, ಆ ದಿನ ಊರಿನ ಸುದ್ದಿ ಒಂದೂ ಕೇಳಿಸಲಿಲ್ಲ.

ದೊಡ್ಡಕ್ಕ ನನಗೆ ಮಾತಾಡಲು ಬಿಡದೆ ಹೊರಟದ್ದು ದುಃಖದಿಂದ ಎಂದು ಹೆಂಗಸರೆಲ್ಲ ಈಗಲೂ ತಿಳಿದಿದ್ದಾರೆ. ಕಡಿಮೆಗೆ ಆದರೆ ಆಯ್ತು ಎನ್ನಲು ನಾನು ಬಾಯಿ ತೆರೆದದ್ದನ್ನು ಅಲ್ಲಿ ಕಂಡವರು ಪೊರೆ ಬಂದ ಕಣ್ಣಿನ ದೊಡ್ಡಕ್ಕ ಒಬ್ಬರೇ.