ಮುಕ್ತ ನಿರ್ಗಮನಕ್ಕೆ ಗೇಟ್ ಪಾಸ್

ಜನವರಿಯ ಒಂದು ಭಾನುವಾರ, ಬೆಳಗ್ಗೆ ಏಳು ಗಂಟೆ. ಸ್ಥಳ ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಮಡದಿ ಮತ್ತು ಹಿಟ್ಟಿನ ಖಾಲಿ ಡಬ್ಬ. ಭಾನುವಾರ ಏಳಕ್ಕೆ ದೋಸೆ ಎಂಬ ನನ್ನ ಶಿಸ್ತು ಅಂದು ಮುರಿಯಿತು. ಮೂರನೆಯ ಮಹಡಿಯ ಪದ್ಮಾ ಹಿಟ್ಟು ರುಬ್ಬುವುದನ್ನು ನಿಲ್ಲಿಸಿದ್ದರು.

"ನಿಲ್ಲಿಸಿ ಅಂದವರು ನೀವೇ ಅಲ್ಲವೇ? ನಿಮ್ಮ ಅರ್ಥಶಾಸ್ತ್ರವನ್ನೇ ಕಾವಲಿಗೆ ಹುಯ್ಯಲೇ?" ಎಂದಳು ಮಡದಿ.

ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮೊದಲು ದೋಸೆಹಿಟ್ಟು ಮಾರಿದವರು ಪದ್ಮಾ. ಕಂತಿನ ಮೇಲೆ ದೊಡ್ಡ ಗ್ರೈಂಡರ್ ತಂದಿದ್ದರು. ತಮ್ಮದೇ ಸಂಪಾದನೆ ಎಂದು ಹೇಳಿಕೊಳ್ಳಲು ಅವರಿಗಿದ್ದದ್ದು ಅದೊಂದೇ. ವರ್ಷ ಕಳೆಯುವುದರೊಳಗೆ ಟವರಿಗೊಬ್ಬರು ರುಬ್ಬತೊಡಗಿದರು. ಅದೇ ಅಕ್ಕಿ, ಅದೇ ಉದ್ದು, ಅದೇ ಬೆಲೆ. ಒಂದು ರೂಪಾಯಿ ಏರಿಸಿದರೂ ಗಿರಾಕಿ ಪಕ್ಕದ ಟವರಿನ ಲಿಫ್ಟ್ ಹತ್ತುತ್ತಿದ್ದ. ಕಾಲೇಜಿನಲ್ಲಿ ಆಯುಷ್ಯವಿಡೀ ಕಪ್ಪುಹಲಗೆಯ ಮೇಲೆ ನಾನು ಬರೆದ ಪರಿಪೂರ್ಣ ಪೈಪೋಟಿಯು ನಿವೃತ್ತಿಯ ನಂತರ ಹುಳಿಹಿಟ್ಟಿನ ವಾಸನೆ ಹೊತ್ತು ಕಣ್ಣೆದುರು ನಿಂತಾಗ, ನನಗಾದದ್ದು ಮರುಕವಲ್ಲ, ಸಂತೋಷ.

ಬೇಸಿಗೆಯಲ್ಲಿ ಪದ್ಮಾ ಸಲಹೆ ಕೇಳಿದಾಗ ಪಾಠ ಒಪ್ಪಿಸಿದೆ: ಅಕ್ಕಿ, ಉದ್ದು, ಕರೆಂಟಿನ ಖರ್ಚು ಹುಟ್ಟಿ ಕಂತಿಗೆ ಒಂದಿಷ್ಟು ಮಿಕ್ಕರೂ ಸಾಕು, ನಷ್ಟದಲ್ಲಿಯೇ ರುಬ್ಬಿ, ಆ ಖರ್ಚೂ ಹುಟ್ಟದಿದ್ದರೆ ಅಂದೇ ನಿಲ್ಲಿಸಿ. ಅವರು ರುಬ್ಬಿದರು. ಚಳಿಗಾಲ ಬಂತು, ಹಿಟ್ಟು ಉಬ್ಬಲೊಲ್ಲದು. ಪಾತ್ರೆಗೆ ರಜಾಯಿ ಹೊದಿಸಿ ಹೀಟರ್ ಹಚ್ಚಿದರೆ, ಹೀಟರೇ ಹಿಟ್ಟಿನ ಬೆಲೆಯನ್ನು ನುಂಗಿತು.

"ಮೇಷ್ಟ್ರೇ, ಈಗ ಏನನ್ನುತ್ತೆ ನಿಮ್ಮ ಶಾಸ್ತ್ರ?"

"ನಿಲ್ಲಿಸಿ ಅನ್ನುತ್ತಮ್ಮಾ. ಬೇಸಿಗೆಗೆ ನೋಡೋಣ."

"ಬೇಸಿಗೆವರೆಗೆ ಕಂತು ಅದೇ ಕಟ್ಟುತ್ತಾ?"

ಕಟ್ಟಲಿಲ್ಲ. ಆ ಭಾನುವಾರವೇ ಗ್ರೈಂಡರನ್ನು ಮಾರಿ ಟೆಂಪೋಗೆ ಹೇರಿದರು. ನಾನೂ ಜೊತೆಗೆ ಹೋಗಿದ್ದೆ. ಗೇಟಿನಲ್ಲಿ ಕಾವಲುಗಾರ ತಡೆದ: "ಪಾಸ್ ಕಹಾಂ ಹೈ, ಮೇಡಂ?"

"ಇದನ್ನು ಒಳಗೆ ತರುವಾಗ ಯಾರೂ ಪಾಸ್ ಕೇಳಲಿಲ್ಲ, ಮೇಷ್ಟ್ರೇ," ಎಂದರು ಪದ್ಮಾ, ನನ್ನತ್ತ ತಿರುಗಿ.

ಪ್ರವೇಶವೂ ಮುಕ್ತ, ನಿರ್ಗಮನವೂ ಮುಕ್ತ ಎಂದು ಎಷ್ಟು ತಲೆಮಾರುಗಳಿಗೆ ಬಾಯಿಪಾಠ ಮಾಡಿಸಿದ್ದೆನೋ! ಸೊಸೈಟಿಯ ಕಾರ್ಯದರ್ಶಿ ನಿದ್ದೆಯಿಂದೆದ್ದು ಪಾಸಿಗೆ ಸಹಿ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಾದ ನೆಪ ಹೇಳಿ ಕೊಳ್ಳುವವನು ಬೆಲೆ ಇಳಿಸಿದ. ಪದ್ಮಾ ಚೌಕಾಸಿ ಮಾಡಲಿಲ್ಲ.

ಸಂಜೆ ಡಬ್ಬ ಹಿಡಿದು ಪಕ್ಕದ ಟವರಿಗೆ ಹೋದೆ. ಆ ಚಳಿಯಲ್ಲಿ ಇನ್ನೂ ನಾಲ್ವರು ನಿಲ್ಲಿಸಿದ್ದರಂತೆ. ಉಳಿದವರು ಬೆಲೆ ಏರಿಸಿದ್ದರು. ಶಾಸ್ತ್ರ ಅಕ್ಷರಶಃ ನಿಜವಾಗಿತ್ತು. ಈ ಬೆಲೆ ಹೋದ ವಾರ ಸಿಕ್ಕಿದ್ದರೆ ಪದ್ಮಾ ಇನ್ನೂ ರುಬ್ಬುತ್ತಿದ್ದರು.

ಬೆಳಗಿನ ದೋಸೆಯನ್ನು ಸಂಜೆ ಏಳಕ್ಕೆ ತಿಂದು, ಡಬ್ಬ ತೊಳೆದು ಬೋರಲು ಹಾಕಿದ್ದು ಅಂದಿನ ಕೊನೆಯ ಕೆಲಸ. ಮುಚ್ಚಳದ ಮೇಲೆ ಪದ್ಮಾ ಬರೆದಿದ್ದ ನಮ್ಮ ಮನೆ ನಂಬರು, ಎಷ್ಟು ಉಜ್ಜಿದರೂ ಹೋಗಲಿಲ್ಲ.