ತಿಕೋಟಾದ ಇಟ್ಟಂಗಿ ರೈಲು

ತಿಕೋಟಾಕ್ಕೆ ರೈಲು ಇರಲಿಲ್ಲ, ನಮ್ಮೂರು ಬಬಲೇಶ್ವರಕ್ಕೂ ಇರಲಿಲ್ಲ. ರೈಲು ನೋಡಬೇಕೆಂದರೆ ಎರಡೂ ಊರಿನವರು ವಿಜಯಪುರದ ಸ್ಟೇಷನ್ನಿಗೇ ಬರಬೇಕಿತ್ತು. ಎಪ್ಪತ್ತರ ದಶಕದ ನಡುವಿನ ಮಾತಿದು. ಆಗ ಬೋರ್ಡುಗಳ ಮೇಲೆ ಊರಿನ ಹೆಸರು ಬಿಜಾಪುರ ಎಂದಿತ್ತು. ಅಂಥ ಕಾಲದಲ್ಲಿ ತಿಕೋಟಾದ ಒಂದು ಮನೆಯ ಪಡಸಾಲೆಯಲ್ಲಿ ರೈಲು ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓಡುವುದಕ್ಕೆ ಮೊದಲು ಅದು ಓಡದೆ ನಿಂತದ್ದನ್ನೂ ಕಂಡಿದ್ದೇನೆ.

ನಾನು ವಿಜಯಪುರದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಮುಂಬಯಿ ಸಾಮಾನು ಮಾರುವ ಅಂಗಡಿಯೊಂದಿತ್ತು. ಹಡಗಿನಿಂದ ಇಳಿದು ಬಂದ ಛತ್ರಿ, ಗಡಿಯಾರ, ಸೆಂಟಿನ ಬಾಟಲಿಗಳ ನಡುವೆ ಅಪರೂಪಕ್ಕೊಮ್ಮೆ ಅಲ್ಲಿ ಪ್ಲಾಸ್ಟಿಕ್ ಇಟ್ಟಂಗಿಗಳ ಪೆಟ್ಟಿಗೆ ಕಾಣಿಸುತ್ತಿತ್ತು. ಬೆರಳ ತುದಿಯಷ್ಟು ಇಟ್ಟಂಗಿ, ಅದರ ಬೆನ್ನ ಮೇಲೆ ಸಾಲಾಗಿ ಅಂಗಿಯ ಗುಂಡಿಯಂಥ ಉಬ್ಬು. ಒಂದರ ಮೇಲೊಂದು ಒತ್ತಿದರೆ ಕಚ್ಚಿಕೊಂಡು ಕೂರುತ್ತಿದ್ದವು. ಕೆಲವು ಪೆಟ್ಟಿಗೆಗಳಲ್ಲಿ ಗಾಲಿಗಳೂ ನೀಲಿ ಹಳಿಗಳೂ ಇರುತ್ತಿದ್ದವು. ಜೋಡಿಸಿದರೆ ಎಂಜಿನ್ನು, ಡಬ್ಬಿ, ದಾರಿ ಎಲ್ಲ ಸಿದ್ಧ. ಆಫೀಸಿನಲ್ಲಿ ದಿನವಿಡೀ ಬೇರೆಯವರ ವಾಕ್ಯಗಳನ್ನು ಕತ್ತರಿಸಿ ಬಂದವನಿಗೆ, ಒಂದು ತುಂಡು ಇನ್ನೊಂದಕ್ಕೆ ತಕರಾರಿಲ್ಲದೆ ಕೂರುವುದನ್ನು ನೋಡುವುದೇ ಒಂದು ನೆಮ್ಮದಿಯಾಗಿತ್ತು. ಹಾಗೆ ನನ್ನ ಬಳಿ ಕೆಲವು ಪೆಟ್ಟಿಗೆಗಳು ಸೇರಿದ್ದವು.

ಒಂದು ಸಂಜೆ ಹೊಸ ಪೆಟ್ಟಿಗೆಯೊಂದರ ಮೇಲೆ ನಾನು ಕೈ ಇಟ್ಟಾಗ, ಇನ್ನೊಂದು ತುದಿಯ ಮೇಲೆ ಬೇರೊಂದು ಕೈ ಇತ್ತು. ಬಿಳಿ ಗಡ್ಡದ ಹಿರಿಯರು.

“ಬಿಡು ತಮ್ಮಾ, ಇದು ನನ್ನ ಸಲುವಾಗಿ ತರಸಿದ್ದು.”

“ನಿಮಗ್ಯಾಕ್ರಿ ಆಡೂ ಸಾಮಾನು?” ಎಂದೆ.

“ನಿನಗ್ಯಾಕ? ನಿನಗ ಮೀಸಿ ಬಂದಾವ, ನನಗ ಗಡ್ಡ ಬೆಳ್ಳಗಾಗೇತಿ. ಇಬ್ಬರಾಗ ಹುಚ್ಚ ಯಾರಂತ ಈ ಅಂಗಡಿ ಸಾಹುಕಾರನ ಹೇಳಲಿ.”

“ಇಬ್ಬರೂ ಹೊರಗ ನಿಂತು ತೀರ್ಮಾನ ಮಾಡ್ಕೋರಿ,” ಎಂದ ಅಂಗಡಿಯವನು. “ಶಾಣ್ಯಾ ಗಿರಾಕಿಗೆ ದಾರಿ ಬಿಡ್ರಿ.”

ಹೊರಗೆ ಚಹಾ ಕುಡಿಯುತ್ತ ತೀರ್ಮಾನವಾಯಿತು. ಪೆಟ್ಟಿಗೆ ಅವರಿಗೆ, ಅವರ ಸಂಗ್ರಹ ನೋಡುವ ಹಕ್ಕು ನನಗೆ. ತಿಕೋಟಾದವರು. ಹಡಗುಗಳ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದು ಊರಿಗೆ ಮರಳಿದ್ದರು. ನಾನು ಅವರನ್ನು ಚಾಚಾ ಎಂದೆ. ಅವರು ನನ್ನನ್ನು ಕೊನೆಯವರೆಗೂ ತಮ್ಮಾ ಎಂದೇ ಕರೆದರು. ಸಿಟ್ಟು ಬಂದಾಗ ಮಾತ್ರ ಪೇಪರ್ ಸಾಹೇಬ.

ಅವರ ಮನೆಯಲ್ಲಿ ಒಂದು ಕಬ್ಬಿಣದ ಟ್ರಂಕಿನ ತುಂಬ ಇಟ್ಟಂಗಿ ರೈಲುಗಳಿದ್ದವು. ಬಂದರಿಗೊಂದರಂತೆ ಕೊಂಡದ್ದು. ಅವರ ಹೆಂಡತಿ, ನನ್ನ ಪಾಲಿನ ಚಾಚಿ, ಟ್ರಂಕಿನ ಕಡೆ ಕೈ ಮಾಡಿ ಹೇಳಿದರು: “ಮಂದಿ ಗಂಡಂದಿರು ಹಡಗಿಂದ ರೇಷ್ಮಿ ತಂದ್ರು, ಇವರು ಇಟ್ಟಂಗಿ ತಂದ್ರು. ಅದೂ ಗ್ವಾಡಿ ಕಟ್ಟಾಕ ಬರಲಾರದ್ದು.”

“ಬಂದಿದ್ರ ಇಷ್ಟೊತ್ತಿಗೆ ನನ್ನ ಒಳಗಿಟ್ಟು ಕಟ್ಟಿಬಿಡ್ತಿದ್ದಿ,” ಎಂದರು ಚಾಚಾ.

ಎಲ್ಲವೂ ಕೈಯಿಂದ ದೂಡುವ ರೈಲುಗಳು. ಮೋಟರಿದ್ದ ರೈಲುಗಳೂ ಬಂದರಿನ ಅಂಗಡಿಗಳಲ್ಲಿದ್ದವಂತೆ, ಆದರೆ ಬೆಲೆ ಅವರ ಕೈಗೆ ಎಟುಕಲಿಲ್ಲ. ಅವರು ಪಡಸಾಲೆಯ ನೆಲದ ಮೇಲೆ ಹಳಿ ಹಾಸಿ, ಮಂಚದ ಕಾಲುಗಳನ್ನು ಬಳಸಿ ಒಂದು ಸುತ್ತು ಮುಗಿಸಿ, ರೈಲು ಜೋಡಿಸಿ ತೋರಿಸಿದರು. ಕೆಂಪು ಡಬ್ಬಿಯ ಮಧ್ಯೆ ಅಲ್ಲಲ್ಲಿ ಹಸಿರು ಇಟ್ಟಂಗಿಗಳಿದ್ದವು, ಬಿಳಿಯ ಚಾವಣಿಯಲ್ಲಿ ಒಂದೆರಡು ಹಳದಿ. ದೇಶ ಸುತ್ತಿದವರ ಅಭಿರುಚಿ ಹೀಗಿರುತ್ತದೇನೋ ಎಂದುಕೊಂಡೆ, ಕೇಳಲಿಲ್ಲ.

“ದೂಡೂದು ರೈಲಲ್ಲ ತಮ್ಮಾ, ಅದು ಬಂಡಿ,” ಎಂದರು. “ತಾನ ಓಡಬೇಕು. ಅವಾಗ ರೈಲು.”

ಮೋಟರು ಕೂಡಿಸುವ ಕೆಲಸ ಹಾಗೆ ನನ್ನ ಪಾಲಿಗೆ ಬಂತು. ಆತುರವೇನೂ ಇರಲಿಲ್ಲ, ಆ ವರ್ಷ ದಸರಾ ಹತ್ತಿರ ಬರುವ ತನಕ. ಚಾಚಾನ ಎಡಗಣ್ಣು ಹಡಗಿನಲ್ಲೇ ಹೋಗಿತ್ತು, ಕುದಿಯುವ ಎಣ್ಣೆ ಸಿಡಿದು. ಉಳಿದ ಬಲಗಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂದು, ಎದುರಿಗಿದ್ದವರ ಮುಖವೂ ಮಂಜಾಗಿ ಕಾಣುವ ಸ್ಥಿತಿ ಮುಟ್ಟಿತ್ತು. ಮಿರಜಿನ ಆಸ್ಪತ್ರೆಯಲ್ಲಿ ಆಪರೇಷನ್ ಎಂದು ನಿಶ್ಚಯವಾಯಿತು. ದಸರೆಯ ದಿನ ಮಧ್ಯಾಹ್ನದ ಬಸ್ಸಿಗೆ ಹೋಗಿ ಭರ್ತಿಯಾಗಬೇಕು.

“ಇರೂದು ಒಂದ ಕಣ್ಣು,” ಎಂದರು ಚಾಚಿ, ನನ್ನನ್ನು ಬಾಗಿಲ ತನಕ ಕಳಿಸಲು ಬಂದಾಗ. “ಡಾಕ್ಟರೂ ಖಾತ್ರಿ ಹೇಳೂದಿಲ್ಲ.”

ಚಾಚಾ ಒಳಗಿನಿಂದಲೇ ಕೇಳಿಸಿಕೊಂಡಿದ್ದರು. “ತಮ್ಮಾ, ಹೋಗೂಕಿಂತ ಮೊದಲ ಒಮ್ಮೆ ಓಡಿಸಿ ತೋರಸು. ಕಣ್ಣು ಬಂತಂದ್ರ ದಿನಾ ನೋಡ್ತೀನಿ. ಬರಲಿಲ್ಲಂದ್ರ, ಒಮ್ಮೆ ನೋಡೀನಿ ಅಂತಾದ್ರೂ ಇರಲಿ.”

ಎಂಜಿನ್ನನ್ನೂ ಅದರ ಹಿಂದಿನ ಒಂದು ಡಬ್ಬಿಯನ್ನೂ ನಾನು ವಿಜಯಪುರಕ್ಕೆ ತಂದೆ.

ಗಾಂಧಿ ಚೌಕದ ರಿಪೇರಿ ಅಂಗಡಿಯೊಂದರಲ್ಲಿ ಕೆಟ್ಟುಹೋದ ಆಟಿಕೆ ಕಾರಿನ ಮೋಟರು ಸಿಕ್ಕಿತು. ಎಂಜಿನ್ನಿನ ಹೊಟ್ಟೆಯ ಇಟ್ಟಂಗಿಗಳನ್ನು ತೆಗೆದು ಅದನ್ನು ಕೂಡಿಸಿದೆ. ಹಿಂದಿನ ಡಬ್ಬಿಯಲ್ಲಿ ಟಾರ್ಚಿನ ಮೂರು ಸೆಲ್ಲುಗಳು ಒಂದರ ಬೆನ್ನಿಗೊಂದು ಮಲಗಿದವು. ಎರಡು ಹಾಕಿದರೆ ಮೋಟರು ಗುಂಯ್ ಎನ್ನುತ್ತಿತ್ತು, ರೈಲು ಕದಲುತ್ತಿರಲಿಲ್ಲ. ಮೋಟರಿನಿಂದ ಗಾಲಿಗೆ ರಬ್ಬರ್ ಉಂಗುರದ ಪಟ್ಟಿ. ನುಣುಪಾದ ಗಾಲಿ ಹಳಿಯ ಮೇಲೆ ಜಾರುತ್ತಿತ್ತು. ಸೈಕಲ್ಲಿನ ವಾಲ್‌ಟ್ಯೂಬಿನ ರಬ್ಬರನ್ನು ಸಣ್ಣಗೆ ಕತ್ತರಿಸಿ ಗಾಲಿಗೆ ತೊಡಿಸಿದ ಮೇಲೆ ಹಿಡಿತ ಬಂತು. ಉಳಿದ ತೊಂದರೆ ಒಂದೇ: ವೇಗ. ಬಿಟ್ಟರೆ ಎಂಜಿನ್ನು ಹಳಿ ಬಿಟ್ಟು ಗೋಡೆಗೆ ಹೋಗಿ ಬಡಿಯುತ್ತಿತ್ತು. ಪಟ್ಟಿ ಸುತ್ತಲು ದೊಡ್ಡದೊಂದು ಚಕ್ರ ಬೇಕಾಗಿತ್ತು.

ಹಬ್ಬಕ್ಕೆ ಬಬಲೇಶ್ವರಕ್ಕೆ ಹೋದಾಗ ಅವ್ವನ ಹೊಲಿಗೆ ಯಂತ್ರದ ಮುಂದೆ ಕುಳಿತು ನೋಡುತ್ತಿದ್ದಂತೆ ಉತ್ತರ ಸಿಕ್ಕಿತು. ದಾರ ಸುತ್ತುವ ಅವಳ ಬಾಬಿನ್ ಒಂದನ್ನು ಗಾಲಿಯ ಕಂಬಿಗೆ ಹಾಕಿ, ಪಟ್ಟಿಯನ್ನು ಅದಕ್ಕೆ ಸುತ್ತಿದೆ. ರೈಲು ಹೊಸ್ತಿಲಿನಿಂದ ಹೊರಟು ಪಡಸಾಲೆ ದಾಟಿ ಅವ್ವನ ಕಾಲ ಬಳಿ ಬಂತು, ಜಂಬದಿಂದ, ನಿಧಾನವಾಗಿ.

“ಯಪ್ಪಾ! ಹುಳದಾಂಗ ಬರಾಕತ್ತೈತಲ್ಲೋ!” ಎಂದು ಅವ್ವ ಕಾಲು ಮೇಲೆತ್ತಿಕೊಂಡಳು. ಆಮೇಲೆ, “ನನ್ನ ಬಾಬಿನ್ ತಿರುಗಿ ಕೊಡಬೇಕು ಮತ್ತ,” ಎಂದಳು.

ಮರುದಿನ ಖಂಡೇಪೂಜೆ. ಕೆಲಸದ ಸಾಮಾನುಗಳೆಲ್ಲ ಅಂದು ದೇವರು. ತೊಳೆದು, ಒರೆಸಿ, ಕುಂಕುಮ ಹಚ್ಚಿ ಸಾಲಾಗಿ ಇಡುತ್ತಾರೆ, ಮರುದಿನದ ತನಕ ಯಾರೂ ಮುಟ್ಟುವಂತಿಲ್ಲ. ನಮ್ಮ ಪತ್ರಿಕೆಯ ಅಚ್ಚಿನ ಯಂತ್ರವೂ ಅಂದು ಹಾರ ಹಾಕಿಕೊಂಡು ಸುಮ್ಮನೆ ಕೂರುತ್ತಿತ್ತು. ನಾನು ಹೂವು ತರಲು ಹೋಗಿ ಬರುವಷ್ಟರಲ್ಲಿ ಕತ್ತರಿ, ಕುಡಗೋಲು, ಹೊಲಿಗೆ ಯಂತ್ರಗಳ ಸಾಲಿನ ಕೊನೆಯಲ್ಲಿ ಚಾಚಾನ ಎಂಜಿನ್ನೂ ಡಬ್ಬಿಯೂ ಕುಳಿತಿದ್ದವು. ಎಂಜಿನ್ನಿನ ಮುಂಭಾಗಕ್ಕೆ ಕುಂಕುಮದ ಬೊಟ್ಟು, ಮೇಲೊಂದು ಚೆಂಡು ಹೂವು.

“ಅವ್ವಾ, ಅದು ಇನ್ನೊಬ್ಬರದು.”

“ಯಾರದಾದ್ರೂ ಯಂತ್ರ ಹೌದಲ್ಲೋ? ಎಲ್ಲಾಕ್ಕೂ ಪೂಜಿ ಮಾಡಿ ಇದೊಂದಕ್ಕ ಬಿಟ್ರ, ಅದಕ್ಕ ಸಿಟ್ಟು ಬರೂದಿಲ್ಲೇನು?”

ಆ ದಿನ ಅದನ್ನು ಮುಟ್ಟಲಿಲ್ಲ. ದಸರೆಯ ಬೆಳಿಗ್ಗೆ ಪೂಜೆಯಿಂದ ಎತ್ತಿ, ಹಳೆಯ ಪೇಪರಿನಲ್ಲಿ ಸುತ್ತಿ, ಬಸ್ಸು ಹಿಡಿದೆ. ಒಮ್ಮೆ ಓಡಿಸಿ ನೋಡಲು ವೇಳೆ ಇರಲಿಲ್ಲ. ಮೊನ್ನೆಯಷ್ಟೇ ಓಡಿತ್ತಲ್ಲ ಎಂಬ ಧೈರ್ಯವಿತ್ತು. ವಿಜಯಪುರದಲ್ಲಿ ಬಸ್ಸು ಬದಲಿಸಿದೆ. ತೊರವಿ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು; ಗಂಟನ್ನು ತೊಡೆಯ ಮೇಲೆ ಹಗುರಾಗಿ ಎತ್ತಿ ಹಿಡಿದುಕೊಂಡು ತಿಕೋಟಾ ಮುಟ್ಟಿದೆ.

ಮನೆಯಲ್ಲಿ ಮಿರಜಿನ ಚೀಲ ತುಂಬಿ ಬಾಗಿಲ ಬಳಿ ಇಟ್ಟಿದ್ದರು. ಹಳಿಗಳು ಮಂಚದ ಸುತ್ತ ಹಾಸಿದ್ದವು. ಚಾಚಾ ಹೊರಡುವ ಬಟ್ಟೆಯಲ್ಲೇ ನೆಲದ ಮೇಲೆ ಒರಗಿ, ಬಲಗಣ್ಣನ್ನು ಹಳಿಯಿಂದ ಗೇಣು ದೂರದಲ್ಲಿಟ್ಟು ಕಾಯುತ್ತಿದ್ದರು. ಆ ದೂರದಲ್ಲಿ ಮಾತ್ರ ಅವರಿಗೆ ಅಷ್ಟಿಷ್ಟು ಕಾಣುತ್ತಿತ್ತು.

ಎಂಜಿನ್ನು ಇಟ್ಟೆ. ಡಬ್ಬಿ ಕೂಡಿಸಿದೆ. ತಂತಿ ಸಿಕ್ಕಿಸಿದೆ. ಏನೂ ಆಗಲಿಲ್ಲ. ಗುಂಯ್ ಎನ್ನುವ ಸದ್ದೂ ಇಲ್ಲ.

ಪಟ್ಟಿ ನೋಡಿದೆ, ಬಾಬಿನ್ ನೋಡಿದೆ, ತಂತಿ ಬಿಚ್ಚಿ ಮತ್ತೆ ಸುತ್ತಿದೆ. ಬಸ್ಸಿನ ಕುಲುಕಾಟಕ್ಕೆ ಮೋಟರಿನೊಳಗೆ ಏನಾದರೂ ಕಳಚಿರಬೇಕೆಂದು ಎಂಜಿನ್ನಿನ ಹೊಟ್ಟೆ ತೆರೆದೆ. ಎಲ್ಲ ಇಟ್ಟ ಹಾಗೇ ಇತ್ತು. ಆತುರಕ್ಕೆ ಇಟ್ಟಂಗಿಗಳು ಕೈಯಿಂದ ಜಾರುತ್ತಿದ್ದವು.

ಚಾಚಾ ಹಳಿಯಿಂದ ಮುಖ ತೆಗೆಯಲಿಲ್ಲ. “ಬಂತೇನು?” ಎಂದರು.

“ಇನ್ನೂ ಇಲ್ರಿ.”

“ಖರೇ ರೈಲೇ ಮಾಡೀದಿ ಬಿಡಪ್ಪಾ. ಲೇಟ್ ಐತಿ.”

ನಾನು ಪಟ್ಟಿಯನ್ನು ಇನ್ನೊಮ್ಮೆ ಬಿಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, “ಇರಲಿ ತಮ್ಮಾ, ಕೈಲೆ ದೂಡು. ತಾನ ಓಡಾಕತ್ತೈತಿ ಅಂತ ನಾ ತಿಳಕೋತೀನಿ,” ಎಂದರು. ಆ ಮಾತಿಗೆ ಚಾಚಿ ಒಲೆಯ ಮುಂದಿನಿಂದ ಎದ್ದು ಬಂದರು.

“ಸೆಲ್ಲು ಸತ್ತಿರಬೇಕು. ತೆಗಿ, ನೋಡೂಣು.” ಚೀಲದಿಂದ ಟಾರ್ಚು ಹೊರತೆಗೆದರು, ಆಸ್ಪತ್ರೆಗೆಂದು ಇಟ್ಟುಕೊಂಡದ್ದು. ಅದಕ್ಕೆ ಎರಡೇ ಸೆಲ್ಲು, ನಮಗೆ ಮೂರು ಬೇಕು. ಆದರೆ ಪರೀಕ್ಷೆಗೆ ಸಾಕು. ಡಬ್ಬಿಯ ಮುಚ್ಚಳ ತೆಗೆದು, ನಮ್ಮ ಸೆಲ್ಲೊಂದನ್ನು ಎಬ್ಬಿಸಿ ಬೆಳಕಿಗೆ ಹಿಡಿದರು. ಅವರ ಕೈ ಅಲ್ಲೇ ನಿಂತಿತು. ಆಮೇಲೆ ನಗು ಶುರುವಾಯಿತು. ಸೆರಗು ಬಾಯಿಗೆ ಹಿಡಿದರೂ ನಿಲ್ಲದ ನಗು.

“ಏನ ಬೇ? ಏನಾತು?” ಎಂದು ಚಾಚಾ ಎದ್ದು ಕುಳಿತರು.

“ಇದರ ಹಣಿಗೆ ಯಾರೋ ಕುಂಕುಮ ಇಟ್ಟಾರ್ರಿ!”

ನಾನು ಇಸಿದುಕೊಂಡು ನೋಡಿದೆ. ಸೆಲ್ಲಿನ ತಲೆಯ ಮೇಲಿನ ಹಿತ್ತಾಳೆಯ ಮೂಗಿಗೆ ಅರಿಷಿಣ, ಅದರ ಮೇಲೆ ಕುಂಕುಮ, ಒಣಗಿ ಹೆಪ್ಪುಗಟ್ಟಿತ್ತು. ಮೂರಕ್ಕೂ. ಒಂದಕ್ಕೂ ಅನ್ಯಾಯವಾಗಿರಲಿಲ್ಲ. ಇದು ನಾನು ಕಂಡದ್ದಲ್ಲ, ಅವ್ವ ಆಮೇಲೆ ಹೇಳಿದ್ದು: ಡಬ್ಬಿ ಒರೆಸಲೆಂದು ಮುಚ್ಚಳ ತೆಗೆದಿದ್ದಾಳೆ, ಒಳಗೆ ಮೂವರು ಮಲಗಿದ್ದಾರೆ, ಶಕ್ತಿ ಇರುವುದೇ ಇವರಲ್ಲಿ ಎಂದ ಮೇಲೆ ಇವರನ್ನು ಬಿಡುವುದು ಹೇಗೆ. ಪೂಜೆ ಮಾಡಿ, ಇದ್ದ ಹಾಗೇ ಸರಿಯಾಗಿ ಮಲಗಿಸಿದ್ದಾಳೆ. ಕುಂಕುಮದ ಪದರು ಒಂದು ಸೆಲ್ಲು ಇನ್ನೊಂದನ್ನು ಮುಟ್ಟದಂತೆ ತಡೆದಿತ್ತು, ಅಷ್ಟೇ.

“ಒರೆಸ್ರಿ ಚಾಚಿ,” ಎಂದೆ.

ಅವರು ಕೈ ಹಿಂದೆ ತೆಗೆದುಕೊಂಡರು. “ಪೂಜಿ ಮಾಡಿದ್ದಪ್ಪಾ. ನಿಮ್ಮವ್ವ ಇಟ್ಟಿದ್ದು, ನೀನ ಒರೆಸು.”

ಅಂಗಿಯ ತುದಿಯಿಂದ ಒರೆಸಿದೆ, ಉಗುರಿನಿಂದ ಕೆರೆದೆ. ಹಿತ್ತಾಳೆ ಮತ್ತೆ ಹೊಳೆಯಿತು. ಮೂರನ್ನೂ ಮಲಗಿಸಿ ತಂತಿ ಮುಟ್ಟಿಸುವ ಮೊದಲೇ ಚಾಚಾ ತಮ್ಮ ಜಾಗಕ್ಕೆ ಮರಳಿ ನೆಲಕ್ಕೆ ಕೆನ್ನೆ ಹಚ್ಚಿದ್ದರು.

ರೈಲು ಹೊರಟಿತು. ಮಂಚದ ಮೊದಲ ಕಾಲಿನ ಬಳಿ ತಿರುಗಿ, ಎರಡನೆಯದರ ನೆರಳಿಗೆ ಹೋಗಿ, ಆ ಕಡೆಯಿಂದ ಹೊರಬಂದು, ಗಡಗಡ ಸದ್ದು ಮಾಡುತ್ತ ಅವರ ಕಣ್ಣ ಮುಂದೆ ದಾಟಿತು. ಪ್ರತಿ ಸುತ್ತಿನಲ್ಲೂ ಅದು ಎದುರಿಗೆ ಬಂದಾಗ ಚಾಚಾ ತಲೆಯನ್ನು ಅದರ ಜೊತೆ ಒಂದಿಷ್ಟು ದೂರ ಒಯ್ಯುತ್ತಿದ್ದರು, ಹೋದ ಮೇಲೆ ಮರಳಿ ತಂದು ಕಾಯುತ್ತಿದ್ದರು. ಚಾಚಿ ಬಸ್ಸಿನ ನೆನಪು ಮಾಡಿದಾಗಲೇ ಎದ್ದದ್ದು. ಕೆನ್ನೆಯ ಮೇಲೆ ನೆಲದ ಧೂಳು ಅಂಟಿತ್ತು.

“ತಾನ ಓಡ್ತು,” ಎಂದರು. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ನನ್ನ ಭುಜ ಹಿಡಿದು ನಡೆಯುತ್ತ ಇನ್ನೊಂದು ಮಾತು ಸೇರಿಸಿದರು: “ನಿಮ್ಮವ್ವಗ ಹೇಳು, ಎಂಜಿನ್ನಿಗೆ ಬೇಕಾದಷ್ಟು ಇಡಲಿ. ಸೆಲ್ಲಿಗೆ ಮಾತ್ರ ದೂರಿಂದ ಕೈ ಮುಗಿದ್ರ ಸಾಕು.”

ಆಮೇಲಿನ ದಿನಗಳಲ್ಲಿ ಸುದ್ದಿ ಸಿಗಲಿಲ್ಲ. ಸಂತೆಗೆ ಬಂದ ತಿಕೋಟಾದವರನ್ನು ಗಾಂಧಿ ಚೌಕದಲ್ಲಿ ನಿಲ್ಲಿಸಿ ಕೇಳಿದೆ. ಒಬ್ಬರು ಕಣ್ಣು ಬಂತಂತ ಎಂದರು. ಇನ್ನೊಬ್ಬರು, ಕಣ್ಣಿನ ಪಟ್ಟಿ ಇನ್ನೂ ಬಿಚ್ಚಿಲ್ಲ, ಆದರೆ ಬರಲಿಲ್ಲಂತ ಎಂದರು. ಎರಡು ಮೂಲಗಳು ಎರಡು ಮಾತು ಹೇಳಿದರೆ ಪತ್ರಿಕೆಯಲ್ಲಿ ನಾವು ಅಚ್ಚು ಹಾಕುತ್ತಿರಲಿಲ್ಲ. ಅವರು ಊರಿಗೆ ಮರಳಿದ್ದಾರೆಂದು ಖಚಿತವಾದ ಭಾನುವಾರ ನಾನೇ ಹೊರಟೆ. ತೊರವಿಯಿಂದ ಮುಂದಕ್ಕೆ ದಾರಿಯುದ್ದಕ್ಕೂ, ಕಣ್ಣು ಬಂದಿಲ್ಲವಾದರೆ ಮೊದಲು ಏನು ಮಾತಾಡಬೇಕು ಎಂಬುದೊಂದೇ ಯೋಚನೆ. ಒಂದು ವಾಕ್ಯವೂ ಸರಿಯಾಗಿ ಕೂರಲಿಲ್ಲ.

ಅವರ ಮನೆಯ ಅಂಗಳಕ್ಕೆ ಕಾಲಿಡುವಾಗಲೇ ಒಳಗಿನಿಂದ ದನಿ ಬಂತು.

“ಬಾ ಪೇಪರ್ ಸಾಹೇಬ, ಬಾ. ನಿನ್ನ ದಾರೀನ ಕಾಯಾಕತ್ತೇನಿ.”

ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಅಂಗಳದಿಂದ ಪಡಸಾಲೆಗೆ ಸಾಕಷ್ಟು ದೂರ. ಅಲ್ಲಿಂದಲೇ ಅವರು ನನ್ನನ್ನು ಗುರುತಿಸಿದ್ದರು. ಬಾಗಿಲ ಚೌಕಟ್ಟನ್ನು ಹಿಡಿದು ಒಂದು ಕ್ಷಣ ನಿಂತೆ.

ದಪ್ಪ ಗಾಜಿನ ಚಷ್ಮಾ ಹಾಕಿಕೊಂಡು ಅವರು ರೈಲಿನ ಡಬ್ಬಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಕಿತ್ತ ಇಟ್ಟಂಗಿಗಳ ಗುಡ್ಡೆ.

“ಇದೇನು?” ಎಂದು ಒಂದನ್ನು ಎತ್ತಿ ತೋರಿಸಿದರು.

“ಹಸಿರು ಇಟ್ಟಂಗಿ ಚಾಚಾ.”

“ಕೆಂಪು ಡಬ್ಬಿಯಾಗ ಹಸಿರು ಇಟ್ಟಂಗಿ! ನಾ ಕುರುಡ ಇದ್ನೆಪಾ, ಕೆಂಪಂತ ತಿಳದು ಕೂಡಿಸಿದ್ನಿ. ನಿನಗೇನಾಗಿತ್ತು? ಪೇಪರಿನಾಗ ಮಂದಿ ತಪ್ಪು ತಿದ್ದಾವ, ಒಂದ ಮಾತು ಹೇಳಾಕ ಆಗಲಿಲ್ಲೇನು?”

“ನಿಮಗ ಹಂಗ ಸೇರ್ತೈತಿ ಅನ್ಕೊಂಡಿದ್ನಿ.”

“ಸೇರ್ತೈತಂತ! ಹೋಳಿ ಆಡಿ ಬಂದ ರೈಲಿನಾಂಗ ಐತಿ ಇದು. ಇದನ್ನ ಆ ಹಡಗಿನವರು ಯಾರಾದ್ರೂ ನೋಡಿದ್ರ ನನ್ನ ಸಮುದ್ರಕ್ಕ ಹಾಕ್ತಿದ್ರು.”

ಚಾಚಿ ಒಳಗಿನಿಂದ, “ಬೆಳಗಿಂದ ಇದ ನಡದೈತಪ್ಪಾ. ಮನಿಯಾಗ ಒಂದೂ ಬಿಟ್ಟಿಲ್ಲ. ನನ್ನ ಸೀರಿಗೂ ತಕರಾರು, ಗ್ವಾಡಿ ಸುಣ್ಣಕ್ಕೂ ತಕರಾರು. ಬಂದಿದ್ದು ಕಣ್ಣಲ್ಲ, ಸಾಹೇಬಗಿರಿ,” ಎಂದರು. ಹೇಳುವಾಗ ಅವರ ದನಿಯಲ್ಲಿ ಇದ್ದ ಸಂತೋಷಕ್ಕೆ ಸಾಕ್ಷಿ ಬೇಕಾಗಿರಲಿಲ್ಲ.

ಚಾಚಾ ಗುಡ್ಡೆಯನ್ನು ನನ್ನ ಕಡೆ ಸರಿಸಿದರು. “ಕುಂಡ್ರು. ಕೆಂಪು ಈ ಕಡೆ, ಹಸಿರು ಆ ಕಡೆ. ತಪ್ಪಿದ್ರ ಈಗ ಕಾಣಸ್ತೈತಿ ನನಗ.”

ನಾನು ಕುಳಿತೆ. ಎಂಜಿನ್ನು ಅವರ ಮೊಣಕಾಲಿನ ಬಳಿ ನಿಂತಿತ್ತು. ಅದರ ಮುಂಭಾಗದಲ್ಲಿ ಅವ್ವ ಇಟ್ಟ ಕುಂಕುಮದ ಬೊಟ್ಟು ಇನ್ನೂ ಹಾಗೇ ಇತ್ತು. ಅದನ್ನು ಅವರು ಬೆಳಗಿನಿಂದ ಎಷ್ಟು ಸಲ ನೋಡಿದ್ದರೋ. ಒರೆಸಿರಲಿಲ್ಲ, ಅದರ ಬಣ್ಣದ ಬಗ್ಗೆ ತಕರಾರನ್ನೂ ಮಾಡಿರಲಿಲ್ಲ. ಚಹಾ ಬಂತು. ನಾನು ಒಂದು ಹಸಿರನ್ನು ಕೆಂಪಿನ ಕಡೆ ಹಾಕಿದೆ, ಬೇಕೆಂದೇ. ಅವರ ಕೈ ತಕ್ಷಣ ಬಂದು ಅದನ್ನು ಎತ್ತಿ ಆ ಕಡೆ ಎಸೆಯಿತು.