ಶೇಖವ್ವನ ದಿನದ ಡೊಂಕು
ಇಳಕಲ್ಲಿನ ನೇಕಾರರ ಓಣಿಯ ಶೇಖವ್ವನ ಕೈಯಲ್ಲಿ ಸೂಜಿ ಕಾಣದಿದ್ದರೆ ಅವಳಿಗೆ ಜ್ವರ ಬಂದಿದೆ ಎಂದೇ ತಿಳಿಯಬೇಕು. ಸಾರು ಕುದಿಯುವಷ್ಟರಲ್ಲಿ ಹಳೇ ಬಟ್ಟೆಯ ಕೌದಿಗೆ ಒಂದು ಸಾಲು, ಹಾಸಿಗೆ ಹಿಡಿದ ಅತ್ತೆ ಗಂಜಿ ನುಂಗುವಷ್ಟರಲ್ಲಿ ಇನ್ನೊಂದು. ಹಳೇ ಸೀರೆ ತಂದವರನ್ನು "ಇದು ಯಾರದು, ಮೊದಲ ಹೇಳ್ರಿ" ಎಂದು ಕೂರಿಸಿಕೊಂಡು, ತೀರಿಹೋದವರ ಕಥೆ ಪೂರ್ತಿ ಕೇಳದೆ ಕತ್ತರಿ ಮುಟ್ಟುವವಳಲ್ಲ. ಮಾವನ ಧೋತರವಂತೂ ಏಳು ಕೌದಿಗಳಲ್ಲಿ ಹಂಚಿಹೋಗಿದೆ. ಅವಳ ಹೊಲಿಗೆ ನೂಲು ಹಿಡಿದಷ್ಟು ನೆಟ್ಟಗೆ. ಆದರೂ ದಿನಕ್ಕೊಂದನ್ನು ಬೇಕೆಂದೇ ಡೊಂಕಾಗಿ ಹಾಕಿ ಕೌದಿಯನ್ನು ಅತ್ತೆಯ ಕೈಗಿಡುತ್ತಾಳೆ. ಅವಳಿಗೆ ಕೌದಿ ಹೊಲಿಯಲು ಕಲಿಸಿದವಳೇ ಆ ಅತ್ತೆ. ಈಗ ಆ ಮುದುಕಿಗೆ ಹೆತ್ತ ಮಗನ ಹೆಸರೂ ನೆನಪಿಲ್ಲ. ಆದರೆ ಕೌದಿಯ ಮೇಲೆ ಆಡಿಸಿದ ಬೆರಳು ಸರಿಯಾಗಿ ಆ ಡೊಂಕಿಗೇ ಬಂದು ನಿಲ್ಲುತ್ತದೆ: "ಥೂ, ಇದೆಂಥಾ ಹೊಲಿಗಿ? ಬಿಚ್ಚು ಮೊದಲ!" "ಬಿಚ್ತೇನ್ರಿ ಅತ್ತಿ" ಎನ್ನುತ್ತ, ಹೋದ ಜೀವ ಬಂದವಳಂತೆ ನಗುವ ಶೇಖವ್ವ, ನಾಳೆಯ ಡೊಂಕಿಗೆ ಆಗಲೇ ಜಾಗ ನೋಡಿಕೊಳ್ಳುತ್ತಾಳೆ.